ನೂರು ವರ್ಷದ ಹಿಂದಿನ ಆ ಪಾರ್ಟಿಗೆ ನಮ್ಮನ್ನು ಬಿಡುತ್ತಿದ್ದರಾ?

ಪ್ರಶ್ನೆ: ನಾವು ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೇವೆ. ಮಗಳು ಎಂಟನೇ ಕ್ಲಾಸು. ಮುಂದಿನ ತಿಂಗಳು ಅವಳ ಶಾಲೆಯಲ್ಲಿ ‘ಜಾಜ್ ಯುಗದ ದಿನ’ ಇದೆ. ಎಲ್ಲರೂ 1920ರ ದಶಕದ ವೇಷದಲ್ಲಿ ಬರಬೇಕು, ಆ ಕಾಲದಲ್ಲಿ ಏನು ಬದಲಾಯಿತು ಅಂತ ಎರಡು ನಿಮಿಷ ಮಾತಾಡಬೇಕು. ಇವಳಿಗೆ ಕುಚ್ಚು ಇಳಿಬಿಟ್ಟ ಗಿಡ್ಡ ಫ್ರಾಕು, ತಲೆಗೆ ಗರಿ ಸಿಕ್ಕಿಸಿದ ಪಟ್ಟಿ ಬೇಕಂತೆ. ಕೂದಲನ್ನೂ ಬಾಬ್ ಮಾಡಿಸಬೇಕು ಅಂತ ಹಟ. ನಮ್ಮ ಜೊತೆಗಿರುವ ಅತ್ತೆಯವರು, “ಆ ಕುಣಿತ, ಕುಡಿತದಿಂದಲೇ ಈ ದೇಶದ ಸಂಸಾರಗಳು ಕೆಟ್ಟಿದ್ದು. ಅದನ್ನ ಶಾಲೆಯಲ್ಲಿ ಹಬ್ಬ ಮಾಡ್ತಾರಾ?” ಅಂತ ಬೇಜಾರಾಗಿದ್ದಾರೆ. ಟೀಚರ್ ಹೇಳುವುದು ನೋಡಿದರೆ ಅದು ಹೆಂಗಸರಿಗೆ ಸ್ವಾತಂತ್ರ್ಯ ಸಿಕ್ಕ ಕಾಲ. ಎರಡೂ ಪೂರ್ತಿ ಸರಿಯಿಲ್ಲ ಅಂತ ನನ್ನ ಅನುಮಾನ. ಇದರ ಮಧ್ಯೆ ಮೊನ್ನೆ ರಾತ್ರಿ ಮಗಳು, “ಅಮ್ಮ, ನಾವು ಆಗ ಇಲ್ಲಿ ಇದ್ದಿದ್ರೆ ನಮ್ಮನ್ನ ಆ ಪಾರ್ಟಿಗೆ ಬಿಡ್ತಿದ್ರಾ?” ಅಂತ ಕೇಳಿದಳು. ಏನು ಹೇಳಬೇಕೋ ತಿಳಿಯಲಿಲ್ಲ.

— ಒಬ್ಬ ತಾಯಿ

ಉತ್ತರ: ನಿಮ್ಮ ಮಗಳು ಕೇಳಿದ್ದನ್ನು ಮೊದಲು ಹೇಳಿಬಿಡುತ್ತೇನೆ. ನ್ಯೂಯಾರ್ಕಿನಲ್ಲಿ ಕರಿಯರ ಬಡಾವಣೆಯಾಗಿದ್ದ ಹಾರ್ಲೆಮ್‌ನ ಕಾಟನ್ ಕ್ಲಬ್ಬಿನ ಬಾಗಿಲಲ್ಲಿ ನಿಮ್ಮನ್ನು ತಡೆಯುತ್ತಿದ್ದರು ಅಂತಲೇ ಇಟ್ಟುಕೊಳ್ಳಿ. ಅದು ಕರಿಯ ಕಲಾವಿದರ ಸಂಗೀತ, ಕುಣಿತವನ್ನು ಬಿಳಿಯರು ಮಾತ್ರ ಕೂತು ನೋಡುವ ಜಾಗ. ಅದೇ ಬೀದಿಯಲ್ಲಿ, ಕೂಗಳತೆಯ ದೂರದಲ್ಲಿ, 1926ರಲ್ಲಿ ಸವಾಯ್ ಬಾಲ್‌ರೂಮ್ ಶುರುವಾಯಿತು. ಅಲ್ಲಿ ಕರಿಯರು, ಬಿಳಿಯರು ಒಂದೇ ನೆಲದ ಮೇಲೆ ಕುಣಿಯುತ್ತಿದ್ದರು. ಅಲ್ಲಿಗಾದರೆ ಟಿಕೆಟ್ ತೆಗೆದುಕೊಂಡು ಹೋಗಬಹುದಿತ್ತು. ಒಂದೇ ಕಾಲ, ಒಂದೇ ಬೀದಿ, ಎರಡು ಬಾಗಿಲು. ಯಾರಾದರೂ “ಆ ಕಾಲದಲ್ಲಿ ಸ್ವಾತಂತ್ರ್ಯ ಬಂತು” ಅಂದಾಗ ನಾನು ಕೇಳುವುದು ಇಷ್ಟೇ: ಯಾವ ಬಾಗಿಲಿನ ಮಾತು ಇದು?

ಅಮೆರಿಕದ ಸಾಮಾಜಿಕ ಇತಿಹಾಸವನ್ನು ಇಪ್ಪತ್ತು ವರ್ಷಕ್ಕೂ ಮೇಲೆ ಕಾಲೇಜಿನಲ್ಲಿ ಪಾಠ ಮಾಡಿದ್ದೇನೆ. ಈ ದಶಕಕ್ಕೆ ಬಂದಾಗಲೆಲ್ಲ, “ನಿಮ್ಮ ಮನಸ್ಸಿಗೆ ಬರುವ ಚಿತ್ರ ಹೇಳಿ” ಅಂತ ಕೇಳುತ್ತಿದ್ದೆ. ಪ್ರತಿವರ್ಷ ಅದೇ ಉತ್ತರ. ಕುಚ್ಚಿನ ಫ್ರಾಕು, ಮುತ್ತಿನ ಸರ, ಉದ್ದನೆಯ ಸಿಗರೇಟು ಕೊಳವೆ, ಪಕ್ಕದಲ್ಲಿ ಬಂದೂಕು ಹಿಡಿದ ಕಳ್ಳಸಾಗಣೆಯವನು. ಆಮೇಲೆ ಆ ಕಾಲದ ಫೋಟೋಗಳನ್ನು ತೋರಿಸಿ, ಇದರಲ್ಲಿ ಅಂಥವರು ಎಷ್ಟು ಜನ ಎಣಿಸಿ ಅನ್ನುತ್ತಿದ್ದೆ. ಸಾಮಾನ್ಯವಾಗಿ ಒಬ್ಬರೂ ಇರುತ್ತಿರಲಿಲ್ಲ.

ಹಾಗಾಗಿ ಬಟ್ಟೆಯಿಂದಲೇ ಶುರು ಮಾಡೋಣ. ಅತ್ತೆಯವರಿಗೂ ಇದು ಖುಷಿ ಕೊಡಬಹುದು. ಆ ಕಾಲದ ಹೊಸ ಫ್ಯಾಷನ್ನಿನ ಹುಡುಗಿಯರಿಗೆ ‘ಫ್ಲ್ಯಾಪರ್’ ಅನ್ನುತ್ತಿದ್ದರು. ಇವತ್ತು ಅಂಗಡಿಗಳಲ್ಲಿ ‘ಫ್ಲ್ಯಾಪರ್ ಡ್ರೆಸ್’ ಅಂತ ಮಾರುವ, ತೊಡೆ ಮೇಲೆ ನಿಲ್ಲುವ ಕುಚ್ಚಿನ ಫ್ರಾಕು ಹೆಚ್ಚಾಗಿ ಮುಂದಿನ ಕಾಲದ ಸಿನಿಮಾಗಳ ಕಲ್ಪನೆ. 1920ರಲ್ಲಿ ಲಂಗಗಳು ಮೀನಖಂಡಕ್ಕಿಂತ ಕೆಳಗೇ ಇದ್ದವು. ದಶಕದ ನಡುವೆ ಮೇಲೇರಿದವು, 1926–27ರ ಹೊತ್ತಿಗೆ ಮಂಡಿ ಮುಟ್ಟಿದವು. ಅಲ್ಲಿಂದ ಮೇಲೆ ಹೋಗಲಿಲ್ಲ. ನಿಜವಾದ ಬದಲಾವಣೆ ಆಗಿದ್ದು ಸೊಂಟದಲ್ಲಿ. ಅದಕ್ಕೆ ಹಿಂದಿನ ತಲೆಮಾರಿನವರು ಸೊಂಟ ಬಿಗಿಯುವ ಕಾರ್ಸೆಟ್ ಎಂಬ ಒಳಉಡುಪು ಕಟ್ಟಿಕೊಂಡು ಉಸಿರು ಹಿಡಿದು ನಡೆಯುತ್ತಿದ್ದರು. ಈಗ ಬಂದದ್ದು ಭುಜದಿಂದ ನೇರ ಇಳಿಯುವ ಸಡಿಲ ಉಡುಪು. ಸೊಂಟಪಟ್ಟಿ ಜಾರಿ ಪೃಷ್ಠದ ಮೇಲೆ ಕೂತಿತ್ತು. ಓಡಬಹುದು, ಬಸ್ಸು ಹತ್ತಬಹುದು, ಟೈಪ್‌ರೈಟರ್ ಮುಂದೆ ಎಂಟು ಗಂಟೆ ಕೂರಬಹುದು. ಹಗಲು ಹೊತ್ತು ತಲೆಗೆ ಗಂಟೆ ಆಕಾರದ ಟೋಪಿ.

ಬಾಬ್ ಕೂದಲಿನ ಗಲಾಟೆ ಮಾತ್ರ ಸುಳ್ಳಲ್ಲ. ಹೆಂಗಸರು ಗಂಡಸರ ಕ್ಷೌರದಂಗಡಿಯಲ್ಲಿ ಸಾಲು ನಿಂತರು. ಕೆಲವು ಕಡೆ ಕೂದಲು ಕತ್ತರಿಸಿಕೊಂಡ ಹುಡುಗಿಯರನ್ನು ಕೆಲಸದಿಂದಲೂ ತೆಗೆದರು. ಮನೆಮನೆಯಲ್ಲಿ ಅಪ್ಪಂದಿರ ರಂಪ. ನಿಮ್ಮ ಮನೆಯಲ್ಲಿ ಈಗ ನಡೆಯುತ್ತಿರುವ ಜಗಳ ನೂರು ವರ್ಷದ ಹಿಂದೆಯೂ ನಡೆದಿತ್ತು ಅಂತ ಮಗಳಿಗೆ ಹೇಳಿ, ಅವಳ ಎರಡು ನಿಮಿಷದ ಮಾತಿಗೆ ಅದೂ ಒಂದು ಸಾಮಗ್ರಿ.

ನಿಮ್ಮದೇ ರಾಜ್ಯದ ಒಂದು ಕಥೆ ಇದೆ. 1921ರಲ್ಲಿ ಅಟ್ಲಾಂಟಿಕ್ ಸಿಟಿಯ ಕಡಲ ದಂಡೆಯಲ್ಲಿ ಒಬ್ಬ ಹೆಂಗಸು ತನ್ನ ಉದ್ದನೆಯ ಕಾಲುಚೀಲವನ್ನು ಮಂಡಿಯ ಕೆಳಗೆ ಸುತ್ತಿಕೊಂಡಳು. ಬರಿ ಮಂಡಿ ಕಂಡಿತು ಅಂತ ಅವಳನ್ನು ಬಂಧಿಸಿದರು. ಅದೇ ತಿಂಗಳು, ಅದೇ ಊರಲ್ಲಿ, ಈಗ ಮಿಸ್ ಅಮೆರಿಕ ಅಂತ ಕರೆಯುವ ಸ್ಪರ್ಧೆ ಮೊದಲ ಸಲ ನಡೆಯಿತು. ಸ್ನಾನದ ಉಡುಪಿನ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಜನ ನೋಡಿದರು. ಗೆದ್ದವಳಿಗೆ 16 ವರ್ಷ. ಬೇಸಿಗೆ ಮುಗಿದ ಮೇಲೂ ಪ್ರವಾಸಿಗರು ಉಳಿಯಲಿ ಅನ್ನುವುದು ಊರಿನ ವ್ಯಾಪಾರಿಗಳ ಲೆಕ್ಕ. ತನ್ನಿಷ್ಟಕ್ಕೆ ಮಂಡಿ ಬಿಟ್ಟವಳಿಗೆ ಪೊಲೀಸು, ವ್ಯಾಪಾರಕ್ಕೆ ಬಿಟ್ಟವಳಿಗೆ ಬಹುಮಾನ. ಆ ದಶಕದ ‘ಹೆಂಗಸರ ಸ್ವಾತಂತ್ರ್ಯ’ದ ಬಗ್ಗೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ.

ಹಾಗಂತ ಟೀಚರ್ ಹೇಳಿದ್ದು ತಪ್ಪೂ ಅಲ್ಲ. 1920ರ ಆಗಸ್ಟ್‌ನಲ್ಲಿ ಸಂವಿಧಾನದ 19ನೇ ತಿದ್ದುಪಡಿ ಬಂದು ಹೆಂಗಸರ ಮತದಾನಕ್ಕಿದ್ದ ತಡೆ ಹೋಯಿತು. (ನ್ಯೂಜೆರ್ಸಿಯಲ್ಲಿ ಆಸ್ತಿ ಇದ್ದ ಹೆಂಗಸರಿಗೆ 1776ರಲ್ಲೇ ಮತ ಸಿಕ್ಕಿತ್ತು, 1807ರಲ್ಲಿ ಅದನ್ನು ಕಿತ್ತುಕೊಂಡರು. ಕೊಟ್ಟದ್ದನ್ನು ಹಿಂದೆ ತೆಗೆದುಕೊಳ್ಳಬಹುದು ಅಂತ ಆಗಲೇ ತೋರಿಸಿದ ರಾಜ್ಯ ನಿಮ್ಮದು.) ಆದರೆ ದಕ್ಷಿಣದ ರಾಜ್ಯಗಳಲ್ಲಿ ಕರಿಯ ಹೆಂಗಸು ಮತಗಟ್ಟೆಗೆ ಹೋದರೆ, ಮತ ಹಾಕಲು ತೆರಿಗೆ ಕಟ್ಟು, ಓದು ಬರಹದ ಪರೀಕ್ಷೆ ಕೊಡು ಅಂತ ವಾಪಸ್ ಕಳಿಸುತ್ತಿದ್ದರು. ಆ ಅಡ್ಡಿ ಮುರಿಯುವಂಥ ಕಾನೂನು ಬರಲು 1965 ಆಗಬೇಕಾಯಿತು. ಕೆಲಸದ ವಿಷಯವೂ ಹೀಗೇ. ಆಫೀಸು, ಟೆಲಿಫೋನ್ ಎಕ್ಸ್‌ಚೇಂಜ್, ದೊಡ್ಡ ಅಂಗಡಿಗಳಲ್ಲಿ ಹುಡುಗಿಯರಿಗೆ ಕೆಲಸ ಸಿಕ್ಕಿತು, ಕೈಯಲ್ಲಿ ಸ್ವಂತ ದುಡ್ಡು ಓಡಾಡಿತು. ಆದರೆ ಮದುವೆಯಾದ ಟೀಚರಮ್ಮನನ್ನು ಮನೆಗೆ ಕಳಿಸುವ ನಿಯಮ ಎಷ್ಟೋ ಊರುಗಳಲ್ಲಿತ್ತು. ಕರಿಯ ಹೆಂಗಸರಿಗಂತೂ ಹೆಚ್ಚಾಗಿ ಸಿಗುತ್ತಿದ್ದದ್ದು ಬೇರೆಯವರ ಮನೆಯ ಕಸ ಮುಸುರೆ, ಇಲ್ಲವೇ ಹೊಲದ ಕೆಲಸ.

ಇನ್ನು ಅತ್ತೆಯವರ ಮಾತು. ಅದನ್ನು ಹಳೇ ಕಾಲದವರ ಮಾತು ಅಂತ ತಳ್ಳಿಹಾಕಬೇಡಿ. ಆಗಿನ ಅಮೆರಿಕದ ಅಜ್ಜಿಯರೂ ಪಾದ್ರಿಗಳೂ ಥೇಟ್ ಇದನ್ನೇ ಹೇಳುತ್ತಿದ್ದರು. ಜಾಜ್ ಕೇಳಿದರೆ ಮಕ್ಕಳು ದಾರಿ ತಪ್ಪುತ್ತಾರೆ ಅಂತ 1921ರಲ್ಲಿ ‘ಲೇಡೀಸ್ ಹೋಮ್ ಜರ್ನಲ್’ ಪತ್ರಿಕೆಯೇ ಲೇಖನ ಹಾಕಿತ್ತು. ಆದರೆ ಕುಡಿತದ ಬಗ್ಗೆ ಅವರಿಗೆ ಗೊತ್ತಿರದ ಒಂದು ವಿಷಯ ಇರಬಹುದು. ಆ ಇಡೀ ದಶಕ ಅಮೆರಿಕದಲ್ಲಿ ಪಾನನಿಷೇಧ ಇತ್ತು. 1920ರ ಜನವರಿಯಿಂದ 1933ರ ಡಿಸೆಂಬರ್‌ವರೆಗೆ. ಅದಕ್ಕಾಗಿ ಹಲವು ದಶಕ ಹೋರಾಡಿದವರಲ್ಲಿ ಹೆಂಗಸರೇ ಮುಂದೆ. ಗಂಡ ಸಂಬಳವನ್ನೆಲ್ಲ ಕುಡಿದು ಬರುವುದನ್ನು ನೋಡಿ ಬೇಸತ್ತವರು ಅವರು. ಶುರುವಿನಲ್ಲಿ ಕುಡಿತ ಚೆನ್ನಾಗಿಯೇ ಇಳಿಯಿತು. ಆಮೇಲೆ ನಿಧಾನವಾಗಿ ಮೇಲೆ ಬಂತು.

ಕಾನೂನಿನಲ್ಲೇ ತೂತುಗಳಿದ್ದವು. ಮದ್ಯ ಮಾಡುವುದು, ಮಾರುವುದು, ಸಾಗಿಸುವುದು ತಪ್ಪು. ಕುಡಿಯುವುದು ತಪ್ಪಲ್ಲ! ಡಾಕ್ಟರು ಚೀಟಿ ಬರೆದರೆ ಔಷಧದಂಗಡಿಯಲ್ಲಿ ವಿಸ್ಕಿ ಸಿಗುತ್ತಿತ್ತು. ಮೊದಲಿದ್ದ ಸಲೂನ್, ಅಂದರೆ ಹೆಂಡದಂಗಡಿ, ಬಹುಮಟ್ಟಿಗೆ ಗಂಡಸರ ಅಡ್ಡಾ. ಅದನ್ನು ಮುಚ್ಚಿದ ಮೇಲೆ ಹುಟ್ಟಿದ ಕಳ್ಳ ಬಾರುಗಳಿಗೆ ಗಂಡು ಹೆಣ್ಣು ಇಬ್ಬರೂ ಬಂದರು. ಬಂದವರನ್ನು ಕೂರಿಸಿಕೊಳ್ಳಲು ಸಂಗೀತ ಬೇಕಾಯಿತು. ಹೀಗೆ ಕುಡಿತ ನಿಲ್ಲಿಸಲು ತಂದ ಕಾನೂನೇ ಜಾಜ್ ವಾದಕರಿಗೆ ಕೆಲಸ ಕೊಟ್ಟಿತು. ಹಾಗಂತ ಊರೂರಲ್ಲೂ ಕಳ್ಳ ಬಾರು ಅಂದುಕೊಳ್ಳಬೇಡಿ. ಆ ಮೋಜೆಲ್ಲ ದೊಡ್ಡ ನಗರಗಳದ್ದು. ಹಳ್ಳಿಗಳಲ್ಲಿ ಮೊದಲ ಮಹಾಯುದ್ಧ ಮುಗಿದ ಮೇಲೆ ಬೆಳೆಯ ಬೆಲೆ ಬಿದ್ದು ರೈತರು ಸಾಲದಲ್ಲಿದ್ದರು. 1930ರಲ್ಲೂ ಹತ್ತು ರೈತ ಮನೆಗಳಲ್ಲಿ ಸುಮಾರು ಒಂಬತ್ತಕ್ಕೆ ಕರೆಂಟ್ ಇರಲಿಲ್ಲ.

ಸಂಸಾರ ಕೆಟ್ಟಿದ್ದು ಯಾವುದರಿಂದ ಹಾಗಾದರೆ? ವಿಚ್ಛೇದನ ಜಾಸ್ತಿಯಾಗಿದ್ದು ನಿಜ. ಆದರೆ ಅದು ಜಾಜ್ ಹುಟ್ಟುವ ಮೊದಲಿನಿಂದಲೇ ಏರುತ್ತಾ ಬಂದಿತ್ತು. ನನ್ನನ್ನು ಕೇಳಿದರೆ ಮನೆಯೊಳಗಿನ ಲೆಕ್ಕ ತಪ್ಪಿಸಿದ್ದು ಹಾಡಲ್ಲ, ಎರಡು ಸಾದಾ ವಸ್ತುಗಳು. ಒಂದು ಕಾರು, ಇನ್ನೊಂದು ಹೈಸ್ಕೂಲು.

ಫೋರ್ಡ್ ಕಂಪನಿಯ ಮಾಡೆಲ್ ಟಿ 1908ರಲ್ಲಿ ಬಂದಾಗ ಅದರ ಬೆಲೆ 850 ಡಾಲರ್. 1925ರ ಹೊತ್ತಿಗೆ ಅದರ ಅಗ್ಗದ ಮಾದರಿ 260ಕ್ಕೆ ಸಿಗುತ್ತಿತ್ತು. ಅದಕ್ಕೂ ದುಡ್ಡಿಲ್ಲದಿದ್ದರೆ ಕಂತು. ಅಲ್ಲಿಯವರೆಗೆ ಹುಡುಗಿಯನ್ನು ನೋಡಲು ಹುಡುಗ ಅವಳ ಮನೆಯ ಜಗಲಿಗೆ ಬರಬೇಕಿತ್ತು, ಒಳಗೆ ಅಪ್ಪ ಅಮ್ಮ ಕಿವಿ ಕೊಟ್ಟು ಕೂತಿರುತ್ತಿದ್ದರು. ಕಾರು ಬಂದ ಮೇಲೆ ಇಬ್ಬರೂ ಊರಾಚೆಗೆ ಹೋದರು. ಇಂಡಿಯಾನಾದ ಮನ್ಸಿ ಎಂಬ ಸಾಧಾರಣ ಊರನ್ನು ಆಗ ಸಮಾಜಶಾಸ್ತ್ರಜ್ಞರು ಕೂಲಂಕಷವಾಗಿ ಅಭ್ಯಾಸ ಮಾಡಿದ್ದರು. ಅಲ್ಲಿನ ಬಾಲಾಪರಾಧಿ ನ್ಯಾಯಾಲಯದ ನ್ಯಾಯಾಧೀಶರೊಬ್ಬರು ಕಾರನ್ನು ಚಕ್ರದ ಮೇಲಿನ ಸೂಳೆಮನೆ ಅಂತ ಬೈದದ್ದು ಆ ಅಭ್ಯಾಸದಲ್ಲಿ ದಾಖಲಾಗಿದೆ. ತಮಾಷೆ ಏನೆಂದರೆ, ಹೆನ್ರಿ ಫೋರ್ಡ್‌ಗೆ ಜಾಜ್ ಕಂಡರೆ ಆಗುತ್ತಿರಲಿಲ್ಲ. ಯುವಕರನ್ನು ಸರಿದಾರಿಗೆ ತರಬೇಕು ಅಂತ ಹಳೇ ಕಾಲದ ಕುಣಿತಗಳಿಗೆ ದುಡ್ಡು ಸುರಿದರು. ಅವೇ ಯುವಕರನ್ನು ಊರಾಚೆ ಕರೆದುಕೊಂಡು ಹೋದದ್ದು ಅವರದೇ ಕಾರು.

ಹೈಸ್ಕೂಲಿನ ಕಥೆ ಇನ್ನೂ ದೊಡ್ಡದು, ಆದರೆ ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಆ ಹತ್ತು ವರ್ಷದಲ್ಲಿ ಹೈಸ್ಕೂಲಿಗೆ ಹೋಗುವವರ ಸಂಖ್ಯೆ ಸುಮಾರು ಎರಡು ಪಟ್ಟಾಯಿತು, 22 ಲಕ್ಷದಿಂದ 44 ಲಕ್ಷದ ಹತ್ತಿರಕ್ಕೆ. ಅದಕ್ಕೆ ಮುಂಚೆ ಹದಿನಾಲ್ಕರ ಹುಡುಗ ಅಪ್ಪನ ಜೊತೆ ಹೊಲದಲ್ಲೋ ಕಾರ್ಖಾನೆಯಲ್ಲೋ ಇರುತ್ತಿದ್ದ, ಹುಡುಗಿ ಅಮ್ಮನ ಜೊತೆ ಅಡುಗೆಮನೆಯಲ್ಲಿ. ಈಗ ಇಡೀ ದಿನ ಓರಗೆಯವರ ನಡುವೆ. ಏನು ತೊಡಬೇಕು, ಏನು ಕೇಳಬೇಕು ಅಂತ ಅಮ್ಮನನ್ನು ಕೇಳುವ ಬದಲು ಪಕ್ಕದ ಬೆಂಚಿನವಳನ್ನು ನೋಡುವ ಅಭ್ಯಾಸ ಅಲ್ಲಿ ಬಲವಾಗಿ ಬೇರು ಬಿಟ್ಟಿತು. ನಿಮ್ಮ ಮಗಳು ಬಾಬ್‌ಗೆ ಹಟ ಹಿಡಿದಿರುವುದೂ ಅದೇ ಕಾರಣಕ್ಕೆ, ಅಲ್ವಾ?

ಇನ್ನು ಸಂಗೀತ. ಮೊದಲ ಮಹಾಯುದ್ಧದ ಹೊತ್ತಿಗೆ ದಕ್ಷಿಣದ ಕರಿಯರು ಲಕ್ಷಗಟ್ಟಲೆ ಗಂಟುಮೂಟೆ ಕಟ್ಟಿಕೊಂಡು ಉತ್ತರಕ್ಕೆ ಬಂದರು. ಬಿಳಿಯರು ಗುಂಪು ಕಟ್ಟಿ ಕೊಲ್ಲುವ ಭಯ, ಹತ್ತಿಯ ಹೊಲದ ಮುಗಿಯದ ಸಾಲ ಅವರನ್ನು ಅಲ್ಲಿಂದ ಎಬ್ಬಿಸಿದವು. ಶಿಕಾಗೊ, ನ್ಯೂಯಾರ್ಕ್, ಡೆಟ್ರಾಯಿಟ್‌ನ ಕಾರ್ಖಾನೆಗಳಲ್ಲಿ ಆಳು ಬೇಕಿತ್ತು. ಅವರ ಜೊತೆಗೇ ಸಂಗೀತವೂ ಬಂತು. ನ್ಯೂ ಆರ್ಲಿಯನ್ಸ್‌ನಿಂದ ಕಹಳೆ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಶಿಕಾಗೊ ರೈಲು ಹತ್ತಿದ್ದು 1922ರಲ್ಲಿ. ಆದರೆ ಜಾಜ್ ಹೆಸರಿನ ಮೊದಲ ರೆಕಾರ್ಡ್ ಮಾಡಿದ್ದು, 1917ರಲ್ಲಿ, ಒಂದು ಬಿಳಿಯರ ತಂಡ. ಕರಿಯರ ಹಾಡಿಗೆ ಕೊಳ್ಳುವವರಿಲ್ಲ ಅಂತ ಕಂಪನಿಗಳು ನಂಬಿದ್ದವು. 1920ರಲ್ಲಿ ಮೇಮಿ ಸ್ಮಿತ್ ಹಾಡಿದ ಬ್ಲೂಸ್ ರೆಕಾರ್ಡ್ ಬಿಸಿ ದೋಸೆಯ ಹಾಗೆ ಖರ್ಚಾದ ಮೇಲೆ ಕಣ್ಣು ಬಿಟ್ಟವು. ಬಿಟ್ಟರೂ ಆ ರೆಕಾರ್ಡುಗಳಿಗೆ ಬೇರೆಯದೇ ಪಟ್ಟಿ, ಬೇರೆಯದೇ ಹೆಸರು. ಕರಿಯ ಸಂಗೀತಗಾರ ಡ್ಯೂಕ್ ಎಲಿಂಗ್ಟನ್ 1927ರ ಕೊನೆಯಿಂದ ಕಾಟನ್ ಕ್ಲಬ್ಬಿನಲ್ಲಿ ನುಡಿಸಿದರು, ಅಲ್ಲಿಂದ ರೇಡಿಯೊ ಮೂಲಕ ಅವರ ಸಂಗೀತ ದೇಶವೆಲ್ಲ ಕೇಳಿತು. ಆದರೆ ಅವರ ಜನ ಕೂತು ಕೇಳುವ ಹಾಗಿರಲಿಲ್ಲ. ನರ್ತಕಿಯರನ್ನು ಆರಿಸುವಾಗಲೂ ಮೈಬಣ್ಣ ತಿಳಿಯಾಗಿರಬೇಕಿತ್ತು. ಫೇರ್ನೆಸ್ ಕ್ರೀಮಿನ ಜಾಹೀರಾತು ನೋಡಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಮ್ಮವರು ಎಲ್ಲಿದ್ದರು? ಮಗಳ ಪ್ರಶ್ನೆಯ ಇನ್ನರ್ಧ ಇದು.

ಇದ್ದರು, ಆದರೆ ತೀರಾ ಕಡಿಮೆ. 1917ರ ಕಾನೂನು ಭಾರತವನ್ನೂ ಸೇರಿಸಿ ಏಷ್ಯಾದ ಬಹುಭಾಗದಿಂದ ಕೂಲಿಗೆ ಬರುವವರನ್ನು ತಡೆಯಿತು. ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದವರು. ಆಗಿನ ಕಾನೂನಿನಲ್ಲಿ ವಲಸೆ ಬಂದವರು ಪೌರತ್ವ ಪಡೆಯಲು ‘ಬಿಳಿಯರು’ ಅಥವಾ ಆಫ್ರಿಕಾ ಮೂಲದವರು ಆಗಿರಬೇಕಿತ್ತು. ನಾವೂ ಆರ್ಯರು, ಹಾಗಾಗಿ ಬಿಳಿಯರ ಲೆಕ್ಕಕ್ಕೇ ಬರುತ್ತೇವೆ ಅಂತ ಅವರ ವಾದ. ಆ ವಾದದಲ್ಲಿ ಜಾತಿಯ ಹೆಮ್ಮೆಯೂ ಬೆರೆತಿತ್ತು, ಅದನ್ನು ಮುಚ್ಚಿಡುವುದು ಬೇಡ. 1923ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಸಾಮಾನ್ಯ ಜನ ಯಾರನ್ನು ಬಿಳಿಯರು ಅನ್ನುತ್ತಾರೋ ಅವರೇ ಬಿಳಿಯರು ಅಂದಿತು. ಅದಾದ ಮೇಲೆ, ಆಗಲೇ ಪೌರತ್ವ ಪಡೆದಿದ್ದ ಹಲವು ಭಾರತೀಯರಿಂದಲೂ ಅದನ್ನು ಕಿತ್ತುಕೊಂಡರು. 1924ರ ಕಾನೂನು ಬಾಗಿಲನ್ನು ಇನ್ನಷ್ಟು ಬಿಗಿ ಮಾಡಿತು. ಭಾರತೀಯರಿಗೆ ಪೌರತ್ವದ ಹಕ್ಕು ಮತ್ತೆ ಸಿಕ್ಕಿದ್ದು 1946ರಲ್ಲಿ. ಕರಿಯರನ್ನೂ ವಲಸಿಗರನ್ನೂ ದ್ವೇಷಿಸುವ ಬಿಳಿಯರ ಸಂಘ ಕು ಕ್ಲಕ್ಸ್ ಕ್ಲಾನ್‌ನವರು ಸಾವಿರಾರು ಮಂದಿ ಬಿಳಿ ನಿಲುವಂಗಿ ತೊಟ್ಟು ವಾಷಿಂಗ್ಟನ್ನಿನ ಬೀದಿಯಲ್ಲಿ ಹಾಡಹಗಲೇ ಮೆರವಣಿಗೆ ಹೋದದ್ದೂ ಇದೇ ದಶಕದಲ್ಲಿ, 1925ರಲ್ಲಿ.

ಇನ್ನೊಂದು ಕಡೆ, ಕಾನೂನಿನ ಕಣ್ಣು ತಪ್ಪಿಸಿ ಬದುಕು ಕಟ್ಟಿಕೊಂಡವರಿದ್ದರು. ಬಂಗಾಳದ ಮುಸ್ಲಿಂ ವ್ಯಾಪಾರಿಗಳು 19ನೇ ಶತಮಾನದ ಕೊನೆಯಿಂದಲೇ ಕಸೂತಿ ಬಟ್ಟೆ ಹೊತ್ತುಕೊಂಡು ನ್ಯೂಜೆರ್ಸಿಯ ಕಡಲೂರುಗಳಲ್ಲಿ ಮಾರುತ್ತಿದ್ದರು. ಕೆಲವರು ನ್ಯೂ ಆರ್ಲಿಯನ್ಸ್‌ನಲ್ಲಿ ನೆಲೆಸಿ ಕರಿಯ ಹೆಂಗಸರನ್ನು ಮದುವೆಯಾದರು. ಹಡಗು ಬಿಟ್ಟು ಓಡಿಬಂದ ಬಂಗಾಳಿ ನಾವಿಕರು ಹಾರ್ಲೆಮ್‌ನಲ್ಲೇ ಸಂಸಾರ ಹೂಡಿದರು. ಜಾಜ್ ಹುಟ್ಟಿದ ಊರಲ್ಲೂ ಬೆಳೆದ ಬೀದಿಯಲ್ಲೂ ನಮ್ಮ ಕಡೆಯವರ ಮನೆಗಳಿದ್ದವು ಅನ್ನುವುದು ನನಗೇ ತಡವಾಗಿ ಗೊತ್ತಾದ ವಿಷಯ.

ಓದಲು ಬಂದವರಿಗೆ ದಾರಿ ಇತ್ತು. ನಮ್ಮ ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರ್ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಓದಿ, ಲಾಲಾ ಲಜಪತ ರಾಯ್ ಜೊತೆ ಅಮೆರಿಕದಲ್ಲಿ ಸ್ವರಾಜ್ಯದ ಕೆಲಸ ಮಾಡಿ, ದಶಕದ ಶುರುವಿನಲ್ಲೇ ವಾಪಸ್ ಬಂದರು. 1923ರಲ್ಲಿ ಹಿಂದೂಸ್ತಾನಿ ಸೇವಾ ದಳ ಕಟ್ಟಿದವರು ಅವರೇ. ಅದೇ ವಿಶ್ವವಿದ್ಯಾಲಯಕ್ಕೆ 1920ರ ದಶಕದ ನಡುವೆ, ಏಷ್ಯಾದ ಹೆಣ್ಣುಮಕ್ಕಳಿಗೆಂದೇ ಇದ್ದ ಬಾರ್ಬರ್ ವಿದ್ಯಾರ್ಥಿವೇತನದ ಮೇಲೆ, ತಲಶ್ಶೇರಿಯ ಜಾನಕಿ ಅಮ್ಮಾಳ್ ಬಂದರು. ಸಸ್ಯಶಾಸ್ತ್ರ ಓದಿ, 1931ರಲ್ಲಿ ಡಾಕ್ಟರೇಟ್ ಪಡೆದರು.

ಈಗ ನಿಮ್ಮ ಮುಂದಿರುವ ದಾರಿಗಳು. ಕಳಿಸದೇ ಇರುವುದು ಒಂದು, ಆದರೆ ನಾನಾದರೆ ಹಾಗೆ ಮಾಡುವುದಿಲ್ಲ. ಆ ವಯಸ್ಸಿನಲ್ಲಿ ಒಬ್ಬಳೇ ಹೊರಗುಳಿದ ದಿನ ಬಹಳ ಕಾಲ ನೆನಪಿರುತ್ತದೆ.

ಫ್ಲ್ಯಾಪರ್ ಆಗಿಯೇ ಹೋಗಲಿ ಅಂದರೆ, ಸಡಿಲವಾದ ನೇರ ಫ್ರಾಕು ಸಾಕು. ಮಂಡಿ ಮುಚ್ಚಲಿ, ಸೊಂಟಪಟ್ಟಿ ಕೆಳಗೆ ಕಟ್ಟಿ. ಅತ್ತೆಯವರಿಗೂ ಸಮಾಧಾನ, ಇತಿಹಾಸಕ್ಕೂ ಹತ್ತಿರ. ಕೂದಲು ಕತ್ತರಿಸಲೇಬೇಕಿಲ್ಲ. ಆಗಲೂ ಎಷ್ಟೋ ಹೆಂಗಸರು ಉದ್ದ ಕೂದಲನ್ನು ಕತ್ತಿನ ಹತ್ತಿರ ಒಳಕ್ಕೆ ಮಡಚಿ, ಪಿನ್ನು ಹಾಕಿ ಬಾಬ್ ಥರ ಕಾಣಿಸುತ್ತಿದ್ದರು. ಜಡೆ ಹಾಕಿ ಅಭ್ಯಾಸ ಇರುವ ಅಜ್ಜಿಗೆ ಇದು ಹತ್ತು ನಿಮಿಷದ ಕೆಲಸ, ಅವರ ಕೈಗೇ ಕೊಟ್ಟು ನೋಡಿ. ಇಲ್ಲಿ ಇರುವ ತೊಂದರೆ ಒಂದೇ: ಕ್ಲಾಸಿನಲ್ಲಿ ಇನ್ನೂ ಹತ್ತು ಫ್ಲ್ಯಾಪರ್‌ಗಳು ಇರುತ್ತಾರೆ, ಎಲ್ಲರೂ ಅದೇ ಎರಡು ನಿಮಿಷ ಮಾತಾಡುತ್ತಾರೆ.

ಸಂಗೀತಗಾರರ ವೇಷ ಇನ್ನೊಂದು. ಚಾರ್ಲ್ಸ್‌ಟನ್ ಕುಣಿತವನ್ನು 1923ರಲ್ಲಿ ಮನೆಮಾತು ಮಾಡಿದ ರಾಗ ಕಟ್ಟಿದವರು ಜೇಮ್ಸ್ ಪಿ. ಜಾನ್ಸನ್. ಕರಿಯ ಪಿಯಾನೊ ವಾದಕ. ಹುಟ್ಟಿದ್ದು ನ್ಯೂ ಬ್ರನ್ಸ್‌ವಿಕ್‌ನಲ್ಲಿ, ನಿಮ್ಮ ಪಕ್ಕದ ಊರು! ಅವರ ಬಗ್ಗೆ ಮಾತಾಡಿದರೆ ಟೀಚರ್‌ಗೇ ಹೊಸದಾಗಿರಬಹುದು. ಒಂದು ಎಚ್ಚರಿಕೆ: ಸೂಟು, ಟೋಪಿ ಸಾಕು. ಮುಖಕ್ಕೆ ಕಪ್ಪು ಬಣ್ಣ ಬಳಿಯುವುದು ಖಂಡಿತ ಬೇಡ. ಆಗಿನ ಬಿಳಿಯ ನಟರು ಮುಖಕ್ಕೆ ಮಸಿ ಬಳಿದುಕೊಂಡು ಕರಿಯರನ್ನು ಗೇಲಿ ಮಾಡುತ್ತಿದ್ದರು, ಆ ನೋವು ಇನ್ನೂ ಆರಿಲ್ಲ. ಹಾಗೇ, ತಮ್ಮನೋ ಅಣ್ಣನೋ ಗ್ಯಾಂಗ್‌ಸ್ಟರ್ ಆಗುತ್ತೇನೆ ಅಂದರೆ ಆಟದ ಬಂದೂಕು ಶಾಲೆಗೆ ಒಯ್ಯುವುದು ಬೇಡವೇ ಬೇಡ. ಇಲ್ಲಿನ ಶಾಲೆಗಳು ಅದನ್ನು ತಮಾಷೆಯಾಗಿ ತೆಗೆದುಕೊಳ್ಳುವುದಿಲ್ಲ.

ನನ್ನ ಮನಸ್ಸು ಇರುವುದು ಜಾನಕಿ ಅಮ್ಮಾಳ್ ಕಡೆ. ಸೀರೆ, ಕೈಯಲ್ಲಿ ಒಂದು ಗಿಡದ ಕೊಂಬೆ, ಅಷ್ಟೇ. “ನಾನು 1925ರಲ್ಲಿ ಮಿಶಿಗನ್‌ನಲ್ಲಿ ಓದುತ್ತಿದ್ದೇನೆ. ಇಲ್ಲಿ ಓದಬಹುದು, ಆದರೆ ಇಲ್ಲಿಯವಳಾಗಲು ಕಾನೂನು ಬಿಡುವುದಿಲ್ಲ” ಅಂತ ಶುರು ಮಾಡಿದರೆ ಕ್ಲಾಸು ತಿರುಗಿ ನೋಡುತ್ತದೆ. ಆದರೆ ಇದನ್ನು ನೀವಾಗಲಿ ಅತ್ತೆಯವರಾಗಲಿ ಹೇರಬೇಡಿ. ಎಲ್ಲ ಹಬ್ಬಕ್ಕೂ ‘ಇಂಡಿಯಾದ ಹುಡುಗಿ’ ಆಗಿಯೇ ನಿಂತು ಅವಳಿಗೆ ಸಾಕಾಗಿರಬಹುದು. ಒಂದು ದಿನ ಎಲ್ಲರ ಹಾಗೆ ಮುತ್ತಿನ ಸರ ಹಾಕಿಕೊಳ್ಳಬೇಕು ಅನ್ನಿಸಿದರೆ ಅದೂ ನ್ಯಾಯವೇ. ಆಗ ವೇಷ ಫ್ಲ್ಯಾಪರ್‌ದೇ ಇರಲಿ, ಮಾತು ಮಾತ್ರ ಅವಳು ನಿಮ್ಮನ್ನು ಕೇಳಿದ ಪ್ರಶ್ನೆಯಿಂದ ಶುರುವಾಗಲಿ.

ಚಾರ್ಲ್ಸ್‌ಟನ್ ಕುಣಿಯುವುದಿದ್ದರೆ ಕೊನೆಯ ಎರಡು ಮಾತು. ಕಾಲನ್ನು ಒಳಕ್ಕೆ ಹೊರಕ್ಕೆ ತಿರುಗಿಸುವ ಕುಣಿತ ಅದು, ಮಂಡಿಗೆ ಭಾರ ಬೀಳುತ್ತದೆ, ಮೊದಲ ವಾರ ನಿಧಾನವಾಗಿ ಕಲಿಯಲಿ. ಮನೆಯ ಮರದ ನೆಲದ ಮೇಲೆ ಸಾಕ್ಸ್ ಹಾಕಿಕೊಂಡು ಅಭ್ಯಾಸ ಮಾಡುವುದು ಬೇಡ, ಜಾರುತ್ತದೆ. ಬರಿಗಾಲಲ್ಲೇ ಮಾಡಲಿ.